ಐವತ್ತನಾಲ್ಕು–ನಲವತ್ತಾರು: ಟೂಟ್ಸ್ ಹಿಬರ್ಟ್ ಎಂಬ ಕಂಠ

ಹಾಡು ಶುರುವಾಗುವುದೇ ಪೊಲೀಸರ ತಪಾಸಣೆಯಿಂದ. ಕೈ ಮೇಲಕ್ಕೆತ್ತು, ಹೇಳಿದ್ದನ್ನು ಕೇಳು, ಸುಮ್ಮನಿದ್ದರೆ ನಿನಗೆ ಏಟು ಬೀಳುವುದಿಲ್ಲ ಎಂಬರ್ಥದ ಮಾತುಗಳು ಒಂದರ ಹಿಂದೊಂದು ಬರುತ್ತವೆ. ವಿಚಿತ್ರವೆಂದರೆ ಆ ಪ್ರತಿಯೊಂದು ಅಪ್ಪಣೆಯ ಬಾಲಕ್ಕೂ ನಮ್ಮ ‘ಸ್ವಾಮಿ’ಯಂಥ ಒಂದು ಮರ್ಯಾದೆಯ ಮಾತು ಅಂಟಿಕೊಂಡಿರುತ್ತದೆ, ಅಪ್ಪಣೆ ಕೊಡುತ್ತಿರುವವನು ಯಾರು, ಕೈ ಎತ್ತಿ ನಿಂತವನು ಯಾರು ಎಂಬುದು ಕೇಳುವವರಿಗೆ ತಟ್ಟನೆ ಹೊಳೆಯುವುದಿಲ್ಲ. ಹಾಡುವವನು ಎರಡೂ ಪಾತ್ರಗಳನ್ನು ಒಂದೇ ಗಂಟಲಿನಲ್ಲಿ ಹಿಡಿದಿದ್ದಾನೆ. ಆಮೇಲೆ ಒಂದು ಸಂಖ್ಯೆ ಬರುತ್ತದೆ: 54-46. ಅದು ನನ್ನ ನಂಬರಾಗಿತ್ತು, ಈಗ ಅದು ಬೇರೆ ಯಾರದೋ ಪಾಲಾಗಿದೆ ಎನ್ನುತ್ತಾನೆ. ಜೈಲಿನಿಂದ ಹೊರಬಿದ್ದವನ ಮಾತು ಇದು. ಆದರೆ ಇದರಲ್ಲಿ ಅಳುವಿಲ್ಲ, ಸಿಟ್ಟೂ ಇಲ್ಲ. ಕುಣಿಯದೆ ಕೂರಲಾಗದವನ ಉಮೇದು ಮಾತ್ರ ಇದೆ.

ಸುಮಾರು ಇಪ್ಪತ್ತು ವರ್ಷಗಳ ಹಿಂದೆ, ಬೆಂಗಳೂರಿನ ಒಂದು ಬಾಡಿಗೆ ಕೋಣೆಯಲ್ಲಿ, ರೂಮ್‌ಮೇಟ್ ಒಬ್ಬ ಬರ್ನ್ ಮಾಡಿ ಕೊಟ್ಟ ಸಿಡಿಯಲ್ಲಿ ಈ ಹಾಡನ್ನು ನಾನು ಮೊದಲು ಕೇಳಿದೆ. ಜಮೈಕಾದ ರೆಗೇ ಸಂಗೀತ ಎಂದರೆ ಬಾಬ್ ಮಾರ್ಲಿ, ಬಾಬ್ ಮಾರ್ಲಿ ಎಂದರೆ ಟೀ ಶರ್ಟಿನ ಮೇಲಿನ ಜಡೆಯ ಚಿತ್ರ ಎಂದು ತಿಳಿದಿದ್ದ ಕಾಲವದು. ಸಿಡಿಯ ಮೇಲೆ ಹಾಡಿನ ಹೆಸರಾಗಲಿ ಹಾಡಿದವರ ಹೆಸರಾಗಲಿ ಇರಲಿಲ್ಲ, ಏಳನೆಯ ಹಾಡು ಎಂಬ ಗುರುತಷ್ಟೇ ನನಗೆ ಉಳಿದಿತ್ತು. ಆ ಕಂಠ ಟೂಟ್ಸ್ ಹಿಬರ್ಟ್ ಅವರದೆಂದು ತಿಳಿಯಲು ಒಂದು ವರ್ಷ ಹಿಡಿಯಿತು; ಮಾರ್ಲಿಯಷ್ಟೇ ಹಳಬರಾದ, ಆದರೆ ಪೋಸ್ಟರಿಗೆ ಒಗ್ಗದ ಈ ಮನುಷ್ಯನ ಬದುಕು ನನ್ನನ್ನು ಇಷ್ಟು ದಿನ ಹಿಡಿದಿಟ್ಟದ್ದು ಏಕೆಂದು ತಿಳಿಯಲು ಇನ್ನೂ ಬಹಳ ಕಾಲ ಬೇಕಾಯಿತು. ಮಾರ್ಲಿಯಲ್ಲಿ ಒಬ್ಬ ಪ್ರವಾದಿಯ ದನಿಯಿದೆ. ಟೂಟ್ಸ್ ಪ್ರವಾದಿಯಲ್ಲ. ತನಗಾದ ಪೆಟ್ಟನ್ನು ನಾಲ್ಕು ಜನರ ಮುಂದೆ ತಾಳ ಹಾಕಿ ಎಣಿಸಿ, ಅದನ್ನು ಎಲ್ಲರ ಪಾಲಿನ ಆಟವಾಗಿಸಿದ ಮನುಷ್ಯ ಅವರು.

ಫ್ರೆಡರಿಕ್ ನಥಾನಿಯಲ್ ಹಿಬರ್ಟ್ ಹುಟ್ಟಿದ್ದು 1942ರ ಡಿಸೆಂಬರ್ 8ರಂದು, ಜಮೈಕಾದ ಕ್ಲಾರೆಂಡನ್ ಪ್ರಾಂತ್ಯದ ಮೇ ಪೆನ್ ಎಂಬ ಊರಿನಲ್ಲಿ. ಒಡಹುಟ್ಟಿದವರಲ್ಲಿ ಎಲ್ಲರಿಗಿಂತ ಕಿರಿಯ. ತಂದೆ ತಾಯಿ ಇಬ್ಬರೂ ಸೆವೆಂತ್ ಡೇ ಅಡ್ವೆಂಟಿಸ್ಟ್ ಎಂಬ ಕ್ರೈಸ್ತ ಪಂಥದ ಬೋಧಕರು, ಮನೆಯಲ್ಲಿ ಕಟ್ಟುನಿಟ್ಟು. ಹುಡುಗನ ಗಂಟಲು ಪಳಗಿದ್ದು ಚರ್ಚಿನ ಮೇಳದಲ್ಲಿ. ಕರಿಯರ ಚರ್ಚಿನ ಹಾಡುಗಾರಿಕೆಯ ಜೀವ ಇರುವುದು ರಾಗಕ್ಕಿಂತ ಹೆಚ್ಚಾಗಿ ಕೊಡುಕೊಳ್ಳುವಿಕೆಯಲ್ಲಿ. ಮುಂದಾಳು ಒಂದು ಮಾತನ್ನು ಎಸೆಯುತ್ತಾನೆ, ನೆರೆದವರು ಅದನ್ನು ಹಿಡಿದು ಹಿಂದಕ್ಕೆ ಕೊಡುತ್ತಾರೆ. ಕಥೆಗೆ ಹೂಂಗುಟ್ಟುವವರಿಲ್ಲದೆ ಅಜ್ಜಿಯ ಕಥೆ ಮುಂದೆ ಹೋಗದು ಎನ್ನುತ್ತಾರಲ್ಲ, ಅಲ್ಲಿನ ಹಾಡೂ ಹಾಗೆಯೇ. ಟೂಟ್ಸ್ ಮುಂದೆ ಎಷ್ಟೇ ದೊಡ್ಡ ವೇದಿಕೆಯಲ್ಲಿ ಹಾಡಿದರೂ ಎದುರಿಗಿದ್ದವರಿಂದ ಹೂಂಗುಟ್ಟಿಸಿಕೊಳ್ಳುವ ಈ ಅಭ್ಯಾಸವನ್ನು ಬಿಡಲಿಲ್ಲ.

ಹನ್ನೊಂದನೆಯ ವಯಸ್ಸಿಗೆ ತಂದೆತಾಯಿಗಳನ್ನು ಕಳೆದುಕೊಂಡ ಹುಡುಗ ರಾಜಧಾನಿ ಕಿಂಗ್‌ಸ್ಟನ್ನಿನ ಟ್ರೆಂಚ್ ಟೌನ್ ಬಡಾವಣೆಗೆ ಅಣ್ಣನ ಆಸರೆಗೆ ಬಂದ. ‘ಟೂಟ್ಸ್’ ಎಂದು ಅಕ್ಕರೆಯಿಂದ ಕರೆದದ್ದು ಆ ಅಣ್ಣನೇ. ಹೊಟ್ಟೆಪಾಡಿಗೆ ಸಿಕ್ಕ ಕೆಲಸ ಕ್ಷೌರದಂಗಡಿಯಲ್ಲಿ. ನಮ್ಮ ಊರುಗಳ ಕ್ಷೌರದಂಗಡಿಗಳಲ್ಲಿ ರಾಜಕೀಯ ಹುಟ್ಟಿದರೆ ಅಲ್ಲಿ ಒಂದು ಹಾಡುವ ಗುಂಪು ಹುಟ್ಟಿತು: ರಾಲಿ ಗಾರ್ಡನ್ ಮತ್ತು ಜೆರ್ರಿ ಮಥಾಯಸ್ ಎಂಬ ಇಬ್ಬರು ಟೂಟ್ಸ್ ಜೊತೆ ಸೇರಿ ಮೇಟಲ್ಸ್ ಆದರು. ಮುಂದಿನ ಇಪ್ಪತ್ತು ವರ್ಷ ಈ ಮೂವರು ಒಂದೇ ಬಗೆಯಲ್ಲಿ ನಿಂತು ಹಾಡಿದರು. ನಡುವೆ ಟೂಟ್ಸ್ ಬಿಚ್ಚು ದನಿಯಲ್ಲಿ ಕೂಗುವುದು, ಅಕ್ಕಪಕ್ಕದ ಇಬ್ಬರು ಬೇಲಿಯಂತೆ ಅದನ್ನು ಸುತ್ತುವರಿಯುವುದು. 1962ರಲ್ಲಿ ಜಮೈಕಾ ಸ್ವತಂತ್ರವಾದ ಸುಮಾರಿಗೆ ಇವರು ನಿರ್ಮಾಪಕ ಕಾಕ್ಸನ್ ಡಾಡ್ ಅವರ ಸ್ಟುಡಿಯೋ ಒನ್ ಸೇರಿದರು, ಅಲ್ಲಿಂದ ಪ್ರಿನ್ಸ್ ಬಸ್ಟರ್ ಬಳಿಗೆ, ಆಮೇಲೆ ಬೈರನ್ ಲೀ ಬಳಿಗೆ ಹೋದರು. ಅಂದಿನ ಕಿಂಗ್‌ಸ್ಟನ್ನಿನಲ್ಲಿ ಹಾಡಿನ ಒಡೆತನ ಹಾಡಿದವನದಾಗಿರಲಿಲ್ಲ. ಹಾಡಿದ ದಿನ ಕೈಗೆ ಬಿದ್ದದ್ದೇ ಲಾಭ, ಮುಂದೆ ಆ ಹಾಡಿನ ತಟ್ಟೆ, ಅಂದರೆ ಗ್ರಾಮಫೋನ್ ರೆಕಾರ್ಡು, ಲಂಡನ್ನಿನಲ್ಲಿ ಎಷ್ಟು ಮಾರಾಟವಾದರೂ ಅದರ ಲೆಕ್ಕ ಗಾಯಕನವರೆಗೆ ಬರುವುದು ಅಪರೂಪ. ಒಬ್ಬರಿಂದ ಒಬ್ಬರಿಗೆ ಗಾಯಕರು ಅಲೆಯುತ್ತಿದ್ದುದು ಈ ಕಾರಣಕ್ಕೇ.

1966ರಲ್ಲಿ ಸ್ವಾತಂತ್ರ್ಯೋತ್ಸವದ ಅಂಗವಾಗಿ ಮೊಟ್ಟಮೊದಲ ಬಾರಿಗೆ ರಾಷ್ಟ್ರಮಟ್ಟದ ಹಾಡಿನ ಸ್ಪರ್ಧೆ ನಡೆಯಿತು. ಮೇಟಲ್ಸ್‌ನ ‘ಬ್ಯಾಮ್ ಬ್ಯಾಮ್’ ಅದನ್ನು ಗೆದ್ದಿತು. ಟೂಟ್ಸ್‌ಗೆ ಆಗ ಇಪ್ಪತ್ತಮೂರು ವರ್ಷ. ನನ್ನ ಪಾಡಿಗೆ ನನ್ನನ್ನು ಬಿಟ್ಟರೆ ನಾನು ಸಜ್ಜನ, ಕೆಣಕಿದರೆ ಮಾತ್ರ ಕೇಡು ಕಟ್ಟಿಟ್ಟದ್ದು ಎಂಬುದು ಆ ಹಾಡಿನ ಸಾರಾಂಶ. ಗೆದ್ದ ವರ್ಷವೇ ಗಾಂಜಾ ಇಟ್ಟುಕೊಂಡ ಆರೋಪದ ಮೇಲೆ ಅವರನ್ನು ಹಿಡಿದರು. ಸುಮಾರು ಹದಿನೆಂಟು ತಿಂಗಳು ಸೆರೆಮನೆಯಲ್ಲಿ ಕಳೆಯಿತು. ತಾನು ತಪ್ಪು ಮಾಡಿರಲಿಲ್ಲ ಎಂದು ಅವರು ಹೇಳುತ್ತಲೇ ಬಂದರು. 54-46 ಹಾಡಿನಲ್ಲೂ ಅದನ್ನೇ ಹೇಳುತ್ತಾರೆ, ನನಗೆ ನಾನೇ ಕೇಡು ಮಾಡಿಕೊಳ್ಳುವಷ್ಟು ದಡ್ಡನಲ್ಲ ಎಂಬ ಧಾಟಿಯಲ್ಲಿ.

ಈ ‘ಗಾಂಜಾ’ ಎಂಬ ಮಾತಿನ ಹತ್ತಿರ ಕನ್ನಡ ಓದುಗರು ಒಂದು ಗಳಿಗೆ ನಿಲ್ಲಬಹುದು. ಜಮೈಕಾದ ಕಾನೂನಿನಲ್ಲಿಯೂ ಆ ಗಿಡದ ಹೆಸರು ಅದೇ, ಬೀದಿಯಲ್ಲಿಯೂ ಅದೇ. ಗುಲಾಮಗಿರಿ ಕೊನೆಗೊಂಡ ಮೇಲೆ ಕಬ್ಬಿನ ತೋಟಗಳಿಗೆ ಆಳುಗಳು ಸಾಲದೆ ಬ್ರಿಟಿಷರು 1845ರಿಂದ ಭಾರತದ ಜೀತಗಾರರನ್ನು ಹಡಗಿನಲ್ಲಿ ತುಂಬಿ ಅಲ್ಲಿಗೆ ಸಾಗಿಸಿದರು. ಇಪ್ಪತ್ತನೆಯ ಶತಮಾನದ ಎರಡನೆಯ ದಶಕದವರೆಗೆ ಹೋದವರು ಮೂವತ್ತಾರು ಸಾವಿರಕ್ಕೂ ಹೆಚ್ಚು, ಬಹುಪಾಲು ಗಂಗೆಯ ಬಯಲಿನವರು, ಒಂದಷ್ಟು ಜನ ಮದರಾಸು ಬಂದರಿನಿಂದ ಹೊರಟವರು. ಟೂಟ್ಸ್ ಹುಟ್ಟಿದ ಕ್ಲಾರೆಂಡನ್ ಕೂಡ ಅವರು ದುಡಿದ ಪ್ರಾಂತ್ಯಗಳಲ್ಲೊಂದು. ಗಿಡವನ್ನೂ ಅದರ ಹೆಸರನ್ನೂ ಆ ದ್ವೀಪಕ್ಕೆ ಒಯ್ದವರು ಇವರೇ ಎಂದು ಇತಿಹಾಸಕಾರರು ಹೇಳುತ್ತಾರೆ. ನಮ್ಮ ಬೈರಾಗಿಗಳ ಚಿಲುಮೆಯ ಮಾತು ಸಮುದ್ರ ದಾಟಿ, ಒಬ್ಬ ಹಾಡುಗಾರನ ಮೇಲಿನ ಆರೋಪಪಟ್ಟಿಯಲ್ಲಿ ಹೋಗಿ ಕುಳಿತದ್ದನ್ನು ನೆನೆದಾಗಲೆಲ್ಲ ನನಗೆ ಒಂದು ಬಗೆಯ ಮುಜುಗರವಾಗುತ್ತದೆ. 2015ರಲ್ಲಿ ಆ ದೇಶ ತನ್ನ ಕಾನೂನು ಬದಲಿಸಿತು. ಎರಡು ಔನ್ಸಿನವರೆಗೆ, ಅಂದರೆ ಸುಮಾರು 56 ಗ್ರಾಮ್‌ವರೆಗೆ ಇಟ್ಟುಕೊಂಡವರನ್ನು ಈಗ ಅಲ್ಲಿ ಅಪರಾಧಿಗಳೆಂದು ಒಳಗೆ ಹಾಕುವುದಿಲ್ಲ.

ಟೂಟ್ಸ್ ಒಳಗಿದ್ದ ಹದಿನೆಂಟು ತಿಂಗಳಲ್ಲಿ ಹೊರಗೆ ಸಂಗೀತವೇ ಬದಲಾಗಿತ್ತು. ಅವರು ಒಳಹೋದಾಗ ಕಾಲ ಸ್ಕಾದ್ದು, ಓಡುನಡೆಯ ತುತ್ತೂರಿಗಳ ಸಂಗೀತ. ನಡುವೆ ನಡೆ ತಗ್ಗಿ ರಾಕ್‌ಸ್ಟೆಡಿ ಎಂಬ ಹೊಸ ಬಗೆ ಬಂದು, ಅದೂ ಹಳತಾಗುತ್ತಿದ್ದ ಹೊತ್ತಿಗೆ ಇವರು ಹೊರಬಂದರು. ಬೇರೆ ಯಾರಾದರೂ ಆಗಿದ್ದರೆ ಅಷ್ಟಕ್ಕೇ ಮುಗಿದ ಅಧ್ಯಾಯವಾಗುತ್ತಿದ್ದರು. ಟೂಟ್ಸ್ 1968ರಲ್ಲಿ ಲೆಸ್ಲಿ ಕಾಂಗ್ ಎಂಬ ನಿರ್ಮಾಪಕರ ಬಳಿಗೆ ಹೋಗಿ 54-46 ಹಾಡಿದರು. ಚೀನೀ ಮೂಲದ ಜಮೈಕನ್ನರಾದ ಕಾಂಗ್ ಅವರದು ಆರೆಂಜ್ ಸ್ಟ್ರೀಟಿನಲ್ಲಿ ಸೋದರರೊಡನೆ ನಡೆಸುತ್ತಿದ್ದ ಐಸ್‌ಕ್ರೀಮ್ ಅಂಗಡಿ. ಅದರ ಹೆಸರು ಬೆವರ್ಲೀಸ್. ಅದೇ ಹೆಸರಿನಲ್ಲಿ ಅವರು ಹಾಡಿನ ತಟ್ಟೆಗಳನ್ನೂ ತಂದರು. ಬಾಬ್ ಮಾರ್ಲಿಯ ಮೊದಲ ಹಾಡುಗಳನ್ನು 1962ರಲ್ಲಿ ಹೊರತಂದದ್ದೂ ಈ ಐಸ್‌ಕ್ರೀಮ್ ಅಂಗಡಿಯ ಕಾಂಗ್ ಅವರೇ.

ಈಗ ಆ ಹಾಡಿನ ಹತ್ತಿರ ಹೋಗಿ ಕೂರೋಣ. ಅದರ ನಡುವಿನಲ್ಲಿ ಒಂದು ಜಾಗವಿದೆ. ಸಾಹಿತ್ಯ ನಿಲ್ಲುತ್ತದೆ, ಗಾಯಕ ವಾದ್ಯದವರ ಕಡೆ ತಿರುಗಿ ನನಗೆ ಒಂದು ಸಲ ಕೊಡಿ ಎನ್ನುತ್ತಾನೆ. ಎಲ್ಲ ವಾದ್ಯಗಳೂ ಕೂಡಿ ಒಂದು ಪೆಟ್ಟು ಹಾಕುತ್ತವೆ, ಜೊತೆಗೆ ಎದೆಯಾಳದಿಂದ ಒಂದು ‘ಹಾ’. ಎರಡು ಸಲ ಎಂದರೆ ಎರಡು ಪೆಟ್ಟು. ಮೂರು, ನಾಲ್ಕು. ಅಷ್ಟೇ. ಕಾಗದದ ಮೇಲೆ ಇದು ಮಕ್ಕಳ ಆಟ. ಆದರೆ ಯಾರ ಬಾಯಲ್ಲಿ ಈ ಎಣಿಕೆ ಬರುತ್ತಿದೆ ಎಂಬುದನ್ನು ಗಮನಿಸಬೇಕು. ನಿನ್ನೆ ಮೊನ್ನೆಯವರೆಗೆ ಈ ಮನುಷ್ಯನನ್ನು ಬೇರೆಯವರು ಎಣಿಸುತ್ತಿದ್ದರು. ಬೆಳಿಗ್ಗೆ ಸಾಲಿನಲ್ಲಿ ನಿಲ್ಲಿಸಿ, ಸಂಜೆ ಬಾಗಿಲು ಹಾಕುವ ಮುಂಚೆ, ಹೆಸರು ಬಿಟ್ಟು ನಂಬರಿನಿಂದ. ಈಗ ಎಣಿಸುವ ಅಧಿಕಾರ ಅವನ ಕೈಗೆ ಬಂದಿದೆ, ಅವನು ಹೇಳಿದಷ್ಟು ಸಲ ವಾದ್ಯಮೇಳವೇ ಹಾಜರಿ ಕೊಡುತ್ತದೆ. ಸೆರೆಮನೆಯ ಮೇಲೆ ಬಂದ ಹಾಡುಗಳು ಜಗತ್ತಿನಲ್ಲಿ ಬೇಕಾದಷ್ಟಿವೆ. ಜೈಲಿನ ವ್ಯಾಕರಣವನ್ನೇ ಹೀಗೆ ತಿರುಗಿಸಿ ಹಾಕಿದ ಇನ್ನೊಂದನ್ನು ನಾನು ಕೇಳಿಲ್ಲ. ಮೊದಲು ಬಂದ ತಟ್ಟೆಯ ಶೀರ್ಷಿಕೆಯಲ್ಲಿ ಅದು ‘ನನ್ನ ನಂಬರು’; ಮುಂದೆ ಅದನ್ನೇ ಮತ್ತೆ ಹಾಡಿದಾಗ ‘ನನ್ನ ನಂಬರಾಗಿತ್ತು’ ಎಂದಾಯಿತು. ಬಿಡುಗಡೆ ನಿಜಕ್ಕೂ ಆದದ್ದು ಆ ಭೂತಕಾಲದ ಕ್ರಿಯಾಪದದಲ್ಲಿ ಎಂದು ನನಗೆ ಅನ್ನಿಸುತ್ತದೆ.

ರೆಗೇಯ ತಾಳದ ಬಗ್ಗೆಯೂ ಇಲ್ಲೇ ಹೇಳಿಬಿಡಬೇಕು. ನಮ್ಮಲ್ಲಿ ತಾಳ ಹಾಕುವವರು ಪೆಟ್ಟು ಬಿದ್ದ ಕಡೆ ಗಮನ ಕೊಡುತ್ತಾರೆ, ಕೈ ಮೇಲೇಳುವುದು ಮುಂದಿನ ಪೆಟ್ಟಿನ ತಯಾರಿ ಮಾತ್ರ. ರೆಗೇಯಲ್ಲಿ ಗಿಟಾರು ಮಾತಾಡುವುದು ಆ ಕೈ ಮೇಲೆದ್ದ ಗಳಿಗೆಯಲ್ಲಿ: ತೊಡೆಯ ಮೇಲೆ ಪೆಟ್ಟು, ಮೇಲೆ ‘ಚಕ್’, ಪೆಟ್ಟು, ‘ಚಕ್’. ಡ್ರಮ್ಮಿನವನು ಇನ್ನೂ ಕಿಲಾಡಿ. ನಾಲ್ಕರ ಎಣಿಕೆಯ ಮೊದಲ ಪೆಟ್ಟನ್ನೇ, ಎಲ್ಲರೂ ಕಾದಿರುವ ಆ ಒಂದನ್ನೇ, ಬಿಟ್ಟುಕೊಟ್ಟು ಮೂರನೆಯದರ ಮೇಲೆ ಭಾರ ಹಾಕುತ್ತಾನೆ. ಹಾಗೆ ಖಾಲಿ ಬಿಟ್ಟ ಜಾಗವನ್ನು ಬೇಸ್ ಗಿಟಾರು ತನ್ನ ಮನೆ ಮಾಡಿಕೊಳ್ಳುತ್ತದೆ. ನಮ್ಮಲ್ಲೂ ತಾಳ ಬಿದ್ದ ಮೇಲೆ ಸ್ವಲ್ಪ ತಡೆದು ಪಲ್ಲವಿ ಎತ್ತಿಕೊಳ್ಳುವ ಕೃತಿಗಳಿವೆ, ಅವುಗಳ ಸೊಗಸು ಬಲ್ಲವರಿಗೆ ರೆಗೇಯ ಈ ಜಾಣತನ ಹೊಸದೆನಿಸದು. ಜ್ಯಾಕಿ ಜ್ಯಾಕ್ಸನ್ ಅವರ ಬೇಸ್, ಹಕ್ಸ್ ಬ್ರೌನ್ ಅವರ ಗಿಟಾರು, ಪಾಲ್ ಡಗ್ಲಸ್ ಅವರ ಡ್ರಮ್ಮು ಟೂಟ್ಸ್ ಜೊತೆ ದಶಕಗಳ ಕಾಲ ನಡೆದವು. ಅಮೆರಿಕದ ಪಾಲ್ ಸೈಮನ್ 1971ರಲ್ಲಿ ಒಂದು ಹಾಡಿಗಾಗಿ ಕಿಂಗ್‌ಸ್ಟನ್ನಿಗೇ ಬಂದಾಗ ನೆಚ್ಚಿಕೊಂಡದ್ದೂ ಜ್ಯಾಕ್ಸನ್, ಬ್ರೌನ್ ಇದ್ದ ಇದೇ ಬಳಗವನ್ನು.

ಈ ಸಂಗೀತಕ್ಕೆ ಹೆಸರಿಟ್ಟವರು ಕೂಡ ಟೂಟ್ಸ್ ಎಂದು ಹೇಳಬೇಕು, ಆದರೆ ನಾಮಕರಣದ ಗಾಂಭೀರ್ಯ ಅದರಲ್ಲೇನೂ ಇರಲಿಲ್ಲ. 1968ರಲ್ಲೇ ಮೇಟಲ್ಸ್ ‘ಡು ದ ರೆಗೇ’ ಎಂಬ ಹಾಡು ತಂದರು. ತಟ್ಟೆಯ ಮೇಲೆ ಅದರ ಕಾಗುಣಿತ ಇಂದಿನದಕ್ಕಿಂತ ಬೇರೆಯೇ ಇತ್ತು. ಹಾಡಿನ ಹೆಸರಿನಲ್ಲಿ ಆ ಪದ ಕಾಣಿಸಿಕೊಂಡ ಮೊದಲ ತಟ್ಟೆ ಅದೆಂದು ಬಹುಮಂದಿ ಒಪ್ಪುತ್ತಾರೆ. ಸರಿಯಾಗಿ ಬಟ್ಟೆ ತೊಟ್ಟುಕೊಳ್ಳದವರನ್ನು, ನೋಡಲು ಅಷ್ಟು ಲಕ್ಷಣವಿಲ್ಲದವರನ್ನು ಹಾಸ್ಯ ಮಾಡಲು ಕಿಂಗ್‌ಸ್ಟನ್ನಿನ ಗಲ್ಲಿಗಳಲ್ಲಿ ‘ಸ್ಟ್ರೆಗೇ’ ಎಂಬೊಂದು ಪೋಲಿಮಾತು ಇತ್ತಂತೆ. ಒಂದು ಬೆಳಿಗ್ಗೆ ಗೆಳೆಯರೊಡನೆ ಬಾರಿಸುತ್ತ ಕೂತಿದ್ದಾಗ ಬಾಯಿಗೆ ಬಂದದ್ದನ್ನು ಹಾಡಿದೆವು, ಅಷ್ಟೇ ಎಂದು ಅವರು ಮುಂದೆ ಸಂದರ್ಶನಗಳಲ್ಲಿ ನೆನೆಯುತ್ತಿದ್ದರು. ಪಂಡಿತರು ಕೂತು ಆರಿಸಿದ್ದರೆ ಈ ಸಂಗೀತಕ್ಕೆ ಎಂಥ ಹೆಸರು ಬರುತ್ತಿತ್ತೋ!

ನನ್ನ ಮಟ್ಟಿಗೆ ಟೂಟ್ಸ್ ಪೂರ್ತಿಯಾಗಿ ಟೂಟ್ಸ್ ಆಗುವುದು 1969ರ ‘ಸ್ವೀಟ್ ಅಂಡ್ ಡ್ಯಾಂಡಿ’ಯಲ್ಲಿ. ಉತ್ಸವದ ಸ್ಪರ್ಧೆಯನ್ನು ಎರಡನೆಯ ಸಲ ಗೆದ್ದುಕೊಟ್ಟ ಹಾಡು ಇದು. ವಿಷಯ ಒಂದು ಹಳ್ಳಿಯ ಮದುವೆ. ಒಂದು ಕೋಣೆಯಲ್ಲಿ ಮದುಮಗಳು ಎಟ್ಟಿ ಕೂತು ಅಳುತ್ತಿದ್ದಾಳೆ. ಕಣ್ಣೊರೆಸಿಕೋ ಎಂದು ಅಮ್ಮ, ಶಾಲೆಯ ಮುಖವನ್ನೇ ಕಾಣದವಳ ಹಾಗೆ ಆಡಬೇಡ ಎಂದು ಅಪ್ಪ. ಇನ್ನೊಂದು ಕೋಣೆಯಲ್ಲಿ ಮದುಮಗ ಜಾನ್ಸನ್ ಚಡಪಡಿಸುತ್ತಿದ್ದಾನೆ. ತಲೆಯೆತ್ತಿ ನಿಲ್ಲು ಎಂದು ಮಾವನೋ ಚಿಕ್ಕಪ್ಪನೋ ಗದರಿದರೆ, ಮುಹೂರ್ತದ ಹೊತ್ತಿಗೆ ಇದೆಂಥ ಹುಚ್ಚಾಟ ಎನ್ನುವ ದನಿಯಲ್ಲಿ ಅತ್ತೆಯ ಗೊಣಗಾಟ. ಕೇಕಿಗೆ ಖರ್ಚಾದದ್ದು ಒಂದು ಪೌಂಡು ಹತ್ತು ಶಿಲ್ಲಿಂಗು, ಬಾಟಲಿಗಟ್ಟಲೆ ಕೋಲಾ, ಅದನ್ನೆಲ್ಲ ತಿಂದು ಕುಡಿದು ಮುಗಿಸಲು ಬಿಳಿಬಟ್ಟೆ ತೊಟ್ಟು ನೆರೆದ ಊರವರು. ಕೇಕಿನ ಬೆಲೆಯನ್ನು ಹಾಡಿನಲ್ಲಿ ಹೇಳಬೇಕೆಂದು ಹೊಳೆಯುವುದು ಮದುವೆಯ ಖರ್ಚನ್ನು ಲೆಕ್ಕ ಹಾಕುವ ಮನೆಯಲ್ಲಿ ಬೆಳೆದವರಿಗೆ ಮಾತ್ರ. ಆ ವರ್ಷದ ಸೆಪ್ಟೆಂಬರಿನಲ್ಲೇ ಜಮೈಕಾ ಪೌಂಡನ್ನು ಬಿಟ್ಟು ಒಂದು ಪೌಂಡಿಗೆ ಎರಡರಂತೆ ಡಾಲರಿಗೆ ಬಂದಿತು. ಜಾನ್ಸನ್ನನ ಕೇಕು ಮೂರು ಡಾಲರಾಯಿತು, ಹಾಡಿನೊಳಗೆ ಮಾತ್ರ ಅದರ ಬೆಲೆ ಇವತ್ತಿಗೂ ಶಿಲ್ಲಿಂಗಿನಲ್ಲೇ ಇದೆ.

‘ಪ್ರೆಶರ್ ಡ್ರಾಪ್’ ಬಂದದ್ದೂ ಅದೇ ಆಸುಪಾಸಿನಲ್ಲಿ. ಚಂಡಮಾರುತಗಳ ದ್ವೀಪದಲ್ಲಿ ಗಾಳಿಯ ಒತ್ತಡ ಕುಸಿಯುವುದೆಂದರೆ ಏನೆಂದು ಯಾರಿಗೂ ವಿವರಿಸಬೇಕಾಗಿಲ್ಲ. ಆಕಾಶ ಇನ್ನೂ ತಿಳಿಯಾಗಿರುವಾಗಲೇ ಕಿವಿಗೆ ಗೊತ್ತಾಗುತ್ತದೆ. ತನಗೆ ಅನ್ಯಾಯ ಮಾಡಿದವರೊಡನೆ ಜಗಳಕ್ಕೆ ನಿಲ್ಲುವ ಬದಲು, ಒತ್ತಡ ನಿನ್ನ ಮೇಲೆ ಇಳಿಯುತ್ತದೆ ನೋಡು ಎಂದು ಹೇಳಿಬಿಡುವುದು ಟೂಟ್ಸ್ ಅವರ ರೂಢಿಯ ಮಾತಾಗಿತ್ತಂತೆ. ಅದು ಸೇಡಿನ ಹಾಡು, ಆದರೆ ಸೇಡು ತೀರಿಸುವುದು ಕರ್ಮ ಎಂದು ಅವರೇ ವಿವರಿಸಿದ್ದುಂಟು. ಕರ್ಮ ಎಂಬ ಪದವನ್ನು ಅವರು ಬಳಸಿದ್ದು ಇಂದು ಜಗತ್ತೆಲ್ಲ ಬಳಸುವ ಸಡಿಲ ಅರ್ಥದಲ್ಲಿಯೇ ಇದ್ದೀತು. ಆದರೂ ‘ಮಾಡಿದ್ದುಣ್ಣೋ ಮಹಾರಾಯ’ ಎಂದು ನಾವು ಹೇಳುವಾಗಿನ ಅರ್ಧ ನೋವು, ಅರ್ಧ ನಗು ಆ ಹಾಡಿನಲ್ಲಿ ಹಾಗೆಯೇ ಇದೆ. ಹೆಚ್ಚುಕಡಿಮೆ ಇಡೀ ಹಾಡು ಆ ಎರಡು ಪದಗಳ ಮೇಲೆಯೇ ನಿಂತಿದೆ. ಅದೇ ಮಾತನ್ನು ಅವರು ಗೊಣಗುತ್ತಾರೆ, ಬೇಡುತ್ತಾರೆ, ಚೀರುತ್ತಾರೆ, ಕೊನೆಗೆ ಮಾತು ಬಿಟ್ಟು ಬರಿಯ ಗುಂಯ್‌ಗುಡುವಿಕೆಗೆ ಇಳಿಯುತ್ತಾರೆ. ಚರ್ಚಿನಲ್ಲಿ ಕಲಿತದ್ದು ವ್ಯರ್ಥವಾಗಲಿಲ್ಲ.

ಜಮೈಕಾದಲ್ಲಿ ಒಬ್ಬರು ಕಟ್ಟಿದ ವಾದ್ಯದ ಮಟ್ಟಿನ ಮೇಲೆ ಇನ್ನೊಬ್ಬರು ತಮ್ಮ ಸಾಹಿತ್ಯ ಹಾಡುವುದು ಕದಿಯುವಿಕೆ ಎನಿಸಿಕೊಳ್ಳುವುದಿಲ್ಲ. ಅದನ್ನು ಅವರು ರಿಡಿಮ್ ಎನ್ನುತ್ತಾರೆ. ನಮ್ಮ ರಂಗಗೀತೆಗಳನ್ನೂ ಯಕ್ಷಗಾನದ ಪದಗಳನ್ನೂ ಬಲ್ಲವರಿಗೆ ‘ಅದೇ ಮಟ್ಟು’ ಎಂದರೆ ಸಾಕು, ಹೆಚ್ಚಿನ ವಿವರಣೆ ಬೇಕಿಲ್ಲ. 54-46ರ ಬೇಸ್ ನಡೆ ಅಲ್ಲಿನ ಅನೇಕ ಹಾಡುಗಳಿಗೆ ಮಟ್ಟಾಗಿ ಒದಗಿದೆ. ‘ಬ್ಯಾಮ್ ಬ್ಯಾಮ್’ ಎಂಬ ಪಲ್ಲವಿಯನ್ನು 1982ರಲ್ಲಿ ಸಿಸ್ಟರ್ ನ್ಯಾನ್ಸಿ ಎಂಬ ಗಾಯಕಿ ಎತ್ತಿಕೊಂಡು ತನ್ನದೇ ಹಾಡಾಗಿಸಿದಳು. ಇವತ್ತು ಆ ಎರಡು ಅಕ್ಷರಗಳನ್ನು ಕೇಳಿದವರಿಗೆ ನೆನಪಾಗುವುದು ಅವಳ ದನಿ, ಟೂಟ್ಸ್ ಅವರದಲ್ಲ. ಇಂಗ್ಲೆಂಡಿನಲ್ಲಿ 1979ರಲ್ಲಿ ದ ಕ್ಲ್ಯಾಶ್ ಗುಂಪು ‘ಪ್ರೆಶರ್ ಡ್ರಾಪ್’ ಹಾಡಿತು, ದ ಸ್ಪೆಷಲ್ಸ್ ಗುಂಪು ಟೂಟ್ಸ್ ಅವರದೇ ‘ಮಂಕಿ ಮ್ಯಾನ್’ ಹಾಡಿತು. ಹೆಸರು ಹಿಂದೆ ಉಳಿದು ಹಾಡು ಮುಂದೆ ಹೋಗುವುದನ್ನು ಅವರು ತಮ್ಮ ಜೀವಿತಕಾಲದಲ್ಲೇ ಸಾಕಷ್ಟು ನೋಡಿದರು.

1971ರಲ್ಲಿ ಲೆಸ್ಲಿ ಕಾಂಗ್ ನಲವತ್ತು ತುಂಬುವ ಮೊದಲೇ ಹೃದಯಾಘಾತದಿಂದ ತೀರಿಕೊಂಡರು. ಮರುವರ್ಷ ‘ದ ಹಾರ್ಡರ್ ದೇ ಕಮ್’ ಎಂಬ ಚಲನಚಿತ್ರ ಬಂದಿತು; ಜಿಮ್ಮಿ ಕ್ಲಿಫ್ ನಾಯಕನಾದ ಆ ಚಿತ್ರದಲ್ಲಿ ಸ್ಟುಡಿಯೋದ ಮೈಕಿನ ಮುಂದೆ ನಿಂತು ಎಟ್ಟಿ, ಜಾನ್ಸನ್ನರ ಮದುವೆಯನ್ನು ಹಾಡುವ ಮೂವರು ಇವರೇ. ಆ ದೃಶ್ಯದಲ್ಲಿ ಟೂಟ್ಸ್ ನಟಿಸುತ್ತಿಲ್ಲ, ಕ್ಯಾಮೆರಾ ಇರುವುದನ್ನೇ ಮರೆತವರಂತೆ ಮೈಯಲ್ಲಾ ಹಾಡಾಗಿದ್ದಾರೆ. ಆಮೇಲೆ ಕ್ರಿಸ್ ಬ್ಲ್ಯಾಕ್‌ವೆಲ್ ಅವರ ಐಲ್ಯಾಂಡ್ ರೆಕಾರ್ಡ್ ಸಂಸ್ಥೆ ಅವರನ್ನು ಹೊರಜಗತ್ತಿಗೆ ಒಯ್ದಿತು, ‘ಫಂಕಿ ಕಿಂಗ್‌ಸ್ಟನ್’ ಆಲ್ಬಮ್ ಬಂದಿತು, ಗುಂಪಿನ ಹೆಸರು ಟೂಟ್ಸ್ ಅಂಡ್ ದ ಮೇಟಲ್ಸ್ ಆಯಿತು. ಅಮೆರಿಕದ ಬೆಟ್ಟನಾಡಿನ ಒಂದು ಪ್ರಸಿದ್ಧ ಹಾಡಿನಲ್ಲಿ ಬರುವ ‘ವೆಸ್ಟ್ ವರ್ಜೀನಿಯಾ’ವನ್ನು ತೆಗೆದು ‘ವೆಸ್ಟ್ ಜಮೈಕಾ’ ಎಂದು ಕೂರಿಸಿ ಅವರು ಹಾಡಿದ್ದನ್ನು ಕೇಳಬೇಕು. ಅದು ಮೂಲದಲ್ಲೇ ಹಾಗಿತ್ತೇನೋ ಎನ್ನಿಸುತ್ತದೆ. 1975ರಲ್ಲಿ ದ ಹೂ ಎಂಬ ರಾಕ್ ಗುಂಪಿನ ಅಮೆರಿಕ ಪ್ರವಾಸದಲ್ಲಿ ಮೊದಲು ಹಾಡುವ ಅವಕಾಶ ಸಿಕ್ಕಿತು, ಆದರೆ ಅಬ್ಬರದ ರಾಕ್‌ಗಾಗಿ ಬಂದಿದ್ದ ಕ್ರೀಡಾಂಗಣದ ಜನ ಈ ನಡೆಗೆ ಕಿವಿಗೊಡಲಿಲ್ಲ. ಮಾರ್ಲಿಗೆ ದಕ್ಕಿದ ಅಮೆರಿಕ ಟೂಟ್ಸ್‌ಗೆ ದಕ್ಕಲಿಲ್ಲ. ಅದಕ್ಕೆ ಕಾರಣಗಳನ್ನು ಬರೆದವರು ಬಹಳ ಮಂದಿ; ನನಗೆ ತೋರುವುದು ಇಷ್ಟು, ಮದುವೆಮನೆಯ ಕೇಕಿನ ಲೆಕ್ಕ ಹಾಡುವವನನ್ನು ಗೋಡೆಯ ಮೇಲಿನ ಪಟವಾಗಿಸುವುದು ಕಷ್ಟ.

1980ರ ಸೆಪ್ಟೆಂಬರ್ 29ರ ರಾತ್ರಿ ಲಂಡನ್ನಿನ ಹ್ಯಾಮರ್‌ಸ್ಮಿತ್ ಪ್ಯಾಲೆಯಲ್ಲಿ ನಡೆದ ಕಛೇರಿಯನ್ನು ಮುದ್ರಿಸಿಕೊಂಡು, ಒತ್ತು ಹಾಕಿಸಿ, ಇಪ್ಪತ್ತನಾಲ್ಕು ಗಂಟೆಯೊಳಗೆ ತಟ್ಟೆಯಾಗಿ ಅಂಗಡಿಗೆ ಇಳಿಸಿದರು. ಹಾಡಿನ ಟೇಪನ್ನು ಸಮತೂಗಿಸಿ, ಮೂಲ ಅಚ್ಚು ಕೆತ್ತಿ, ಅದರಿಂದ ಲೋಹದ ಅಚ್ಚು ತೆಗೆದು, ವಿನೈಲ್ ಒತ್ತಿ, ಹೊದಿಕೆ ಹಾಕಿ ಸಾಗಿಸುವ ಕೆಲಸಕ್ಕೆ ಆ ಕಾಲದಲ್ಲಿ ವಾರಗಳು ಹಿಡಿಯುತ್ತಿದ್ದವು. ಈ ಅವಸರ ಒಂದು ದಾಖಲೆಯೇ ಆಯಿತು. ಅವಸರದ ಕೆಲಸವೆಂದು ಯಾರೂ ಮೂಗು ಮುರಿಯುವಂತಿಲ್ಲ. ಆ ತಟ್ಟೆಯಲ್ಲಿ 54-46ರ ಎಣಿಕೆ ಬರುವಾಗ ಪೆಟ್ಟು ಹಾಕುವುದು ವಾದ್ಯಗಳಷ್ಟೇ ಅಲ್ಲ, ಸಭೆಯೂ ಕೂಗಿ ಹಾಜರಿ ಕೊಡುತ್ತದೆ. ಜೈಲಿನ ನಂಬರನ್ನು ಲಂಡನ್ನಿನ ಜನ ತಮ್ಮದೆಂಬಂತೆ ಒದರುತ್ತಾರೆ. ಅದಾದ ಮೇಲೆ ಹೆಚ್ಚು ಕಾಲ ಮೂವರು ಒಟ್ಟಿಗಿರಲಿಲ್ಲ, ರಾಲಿ ಮತ್ತು ಜೆರ್ರಿ ಹಿಂದೆ ಸರಿದರು, ಟೂಟ್ಸ್ ಬೇರೆಯವರನ್ನು ಕೂಡಿಸಿಕೊಂಡು ಮುಂದುವರಿದರು. 1988ರಲ್ಲಿ ಅಮೆರಿಕದ ಮೆಂಫಿಸ್ ನಗರದ ‘ಸೋಲ್’ ಎಂಬ ಬಗೆಯ ಹಾಡುಗಳನ್ನು ರೆಗೇಗೆ ತಂದ ಒಂದು ಆಲ್ಬಮ್, 2005ರಲ್ಲಿ ‘ಟ್ರೂ ಲವ್’ಗೆ ಗ್ರ್ಯಾಮಿ, 2012ರಲ್ಲಿ ಆರ್ಡರ್ ಆಫ್ ಜಮೈಕಾ ಗೌರವ, ಇವೆಲ್ಲ ಸರಿ, ಆದರೆ ನನ್ನ ಗಮನ ಹೋಗುವುದು ಆನಂತರದ ಇನ್ನೊಂದು ಘಟನೆಯ ಕಡೆಗೆ.

2013ರ ಮೇ ತಿಂಗಳಲ್ಲಿ ಅಮೆರಿಕದ ವರ್ಜೀನಿಯಾ ರಾಜ್ಯದ ರಿಚ್‌ಮಂಡ್ ನಗರದ ಬಯಲು ವೇದಿಕೆಯಲ್ಲಿ ಟೂಟ್ಸ್ ಹಾಡುತ್ತಿದ್ದಾಗ ಜನರ ನಡುವಿನಿಂದ ಒಂದು ವೋಡ್ಕಾ ಬಾಟಲಿ ಹಾರಿಬಂದು ತಲೆಗೆ ಬಡಿಯಿತು. ಎಸೆದವನು ಹತ್ತೊಂಬತ್ತರ ಹುಡುಗ. ನೆತ್ತಿಗೆ ಹೊಲಿಗೆಯ ಬದಲು ಲೋಹದ ಪಿನ್ನುಗಳನ್ನು ಹಾಕಬೇಕಾಯಿತು. ಗಾಯ ಮಾಯಿತು, ಆದರೆ ತಲೆನೋವು, ತಲೆಸುತ್ತು, ಮರೆವು ಉಳಿದವು; ಎಲ್ಲಕ್ಕಿಂತ ಕೆಟ್ಟದ್ದೆಂದರೆ, ಜೀವನವಿಡೀ ಜನರ ಹೂಂಕಾರವನ್ನೇ ಉಂಡು ಬದುಕಿದವರಿಗೆ ಜನಜಂಗುಳಿಯ ಭಯ ಹಿಡಿಯಿತು. ಸುಮಾರು ಮೂರು ವರ್ಷ ಅವರು ವೇದಿಕೆ ಹತ್ತಲಿಲ್ಲ. ಶಿಕ್ಷೆ ಪ್ರಕಟವಾಗುವ ಮುಂಚೆ ಅವರು ನ್ಯಾಯಾಧೀಶರಿಗೆ ಒಂದು ಪತ್ರ ಬರೆದರು. ತನ್ನ ನರಳಾಟವನ್ನು ಅದರಲ್ಲಿ ಮುಚ್ಚಿಡಲಿಲ್ಲ. ಆದರೆ ಅವನಿನ್ನೂ ಹುಡುಗ, ಜೈಲಿನಲ್ಲಿ ಹುಡುಗರಿಗೆ ಏನಾಗುತ್ತದೆಂದು ನಾನು ಕೇಳಿ ಬಲ್ಲೆ, ಅವನು ಅಲ್ಲಿಗೆ ಹೋದನೆಂದು ತಿಳಿದರೆ ನನ್ನ ನೋವು ಇನ್ನೂ ಹೆಚ್ಚುತ್ತದೆ ಎಂದು ಬೇಡಿಕೊಂಡರು. ನ್ಯಾಯಾಲಯ ಆರು ತಿಂಗಳ ಸಜೆ ವಿಧಿಸಿತು. ಪತ್ರದ ಆ ಸಾಲನ್ನು ಓದಿದ ದಿನ ನಾನು 54-46 ಹಾಕಿಕೊಂಡು ಕೇಳಿದೆ. ನಂಬರು ಈಗ ಬೇರೆ ಯಾರದೋ ಪಾಲಾಗಿದೆ ಎಂಬ ಮಾತನ್ನು ನಾನು ಅಲ್ಲಿಯವರೆಗೆ ಪಾರಾದವನ ಖುಷಿಯೆಂದು ತಿಳಿದಿದ್ದೆ. ಆ ಬೇರೆ ಯಾರೋ ಒಬ್ಬನ ಬಗ್ಗೆ ಹಾಡುಗಾರನಿಗೆ ಚಿಂತೆಯಿತ್ತೆಂದು ನನಗೆ ಹೊಳೆದೇ ಇರಲಿಲ್ಲ.

2016ರಲ್ಲಿ ಅವರು ಮತ್ತೆ ಹಾಡಲು ನಿಂತರು. 2020ರ ಆಗಸ್ಟ್ 28ರಂದು ‘ಗಾಟ್ ಟು ಬಿ ಟಫ್’ ಎಂಬ ಹೊಸ ಆಲ್ಬಮ್ ಬಿಡುಗಡೆಯಾಯಿತು. ಅದೇ ದಿನಗಳಲ್ಲಿ ಕೋವಿಡ್ ಲಕ್ಷಣಗಳೊಂದಿಗೆ ಆಸ್ಪತ್ರೆ ಸೇರಿದವರು ಸೆಪ್ಟೆಂಬರ್ 11ರಂದು ಕಿಂಗ್‌ಸ್ಟನ್ನಿನಲ್ಲಿ ತೀರಿಕೊಂಡರು, ಎಪ್ಪತ್ತೇಳು ವರ್ಷ. ಮರುವರ್ಷ ಆ ಆಲ್ಬಮ್ಮಿಗೆ ಗ್ರ್ಯಾಮಿ ಬಂದಾಗ ತೆಗೆದುಕೊಳ್ಳಲು ಅವರಿರಲಿಲ್ಲ.

ಆ ಕೊನೆಯ ಬೇಸಿಗೆಯಲ್ಲಿ ಅವರು ಇನ್ನೊಂದು ಕೆಲಸ ಮಾಡಿದ್ದರು. ಸ್ವಾತಂತ್ರ್ಯೋತ್ಸವದ ಹಾಡಿನ ಸ್ಪರ್ಧೆಗೆ, ತಾನು ಮೂರು ಸಲ ಗೆದ್ದಿದ್ದ ಅದೇ ಸ್ಪರ್ಧೆಗೆ, ‘ರೈಸ್ ಅಪ್ ಜಮೈಕನ್ಸ್’ ಎಂಬ ಹೊಸ ಹಾಡು ಬರೆದು, ಎಲ್ಲರಂತೆ ಹೆಸರು ಕೊಟ್ಟು, ತನಗಿಂತ ಎಷ್ಟೋ ಚಿಕ್ಕವರ ಸಾಲಿನಲ್ಲಿ ಅಂತಿಮ ಸುತ್ತಿಗೆ ನಿಂತರು. ಬಹುಮಾನ ಬುಜು ಬ್ಯಾಂಟನ್ ಅವರಿಗೆ ಹೋಯಿತು. ಆ ಮೊದಲ ಗೆಲುವಿಗೂ ಈ ಸೋಲಿಗೂ ನಡುವೆ ಐವತ್ತನಾಲ್ಕು ವರ್ಷ.